ನೆಟ್ಟಗೆ ಎಂದರೆ ಎತ್ತ?

ಗೋಡೆಗೆ ಪಟ ತೂಗುಹಾಕುವುದು ಒಬ್ಬರಿಂದ ಆಗುವ ಕೆಲಸವಲ್ಲ. ಸ್ಟೂಲಿನ ಮೇಲೆ ನಿಂತವರಿಗೆ ನೆಟ್ಟಗೆ ಕಂಡದ್ದು ಕೆಳಗೆ ನಿಂತವರಿಗೆ ಸೊಟ್ಟಗೇ ಕಾಣುತ್ತದೆ. ‘ಎಡಕ್ಕೆ, ಇನ್ನೂ ಸ್ವಲ್ಪ ಎಡಕ್ಕೆ’ ಎನ್ನುವುದು ಮುಗಿಯುವಷ್ಟರಲ್ಲಿ ಇಬ್ಬರ ತಾಳ್ಮೆಯೂ ಪಟದ ಹಾಗೆಯೇ ವಾಲಿರುತ್ತದೆ. ದಾರದ ತುದಿಯ ತೂಗುಗುಂಡಿಗೆ ಈ ಜಗಳವಿಲ್ಲ. ಅದು ಯಾರ ಅಭಿಪ್ರಾಯವನ್ನೂ ಕೇಳುವುದಿಲ್ಲ.

ಅಂಥದೇ ಏರ್ಪಾಡೊಂದು ನಮ್ಮ ಒಳಕಿವಿಯಲ್ಲೂ ಇದೆ. ಅಲ್ಲಿನ ಎರಡು ಪುಟ್ಟ ಚೀಲಗಳಲ್ಲಿ, ಲೋಳೆಯಂಥ ಪದರದ ಮೇಲೆ, ಕ್ಯಾಲ್ಸಿಯಂ ಕಾರ್ಬೋನೇಟಿನ ಅತಿಸಣ್ಣ ಹರಳುಗಳು ಕೂತಿರುತ್ತವೆ. ತಲೆ ವಾಲಿದರೆ ಅವು ಜಾರಿ, ಅಡಿಯಲ್ಲಿರುವ ಸೂಕ್ಷ್ಮ ರೋಮಗಳನ್ನು ಬಾಗಿಸಿ, ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಸೀಗಡಿಗೆ ಹರಳಿನ ಬದಲು ಮರಳೇ ಸಾಕು, ಆದರೆ ಪೊರೆ ಬಿಟ್ಟಾಗಲೆಲ್ಲ ಹಳೆಯ ಮರಳು ಹೋಗಿ ಹೊಸದನ್ನು ತುಂಬಿಕೊಳ್ಳಬೇಕಾಗುತ್ತದೆ. 1893ರಲ್ಲಿ ಅಲೋಯಿಸ್ ಕ್ರೈಡ್ಲ್ ಎಂಬ ವಿಜ್ಞಾನಿ ಮರಳಿನ ಜಾಗದಲ್ಲಿ ಕಬ್ಬಿಣದ ಪುಡಿ ಇಟ್ಟು, ಆಮೇಲೆ ಅಯಸ್ಕಾಂತ ಹಿಡಿದ. ಪಾಪ, ಸೀಗಡಿ ಅಯಸ್ಕಾಂತದ ದಿಕ್ಕನ್ನೇ ಕೆಳಗೆಂದು ನಂಬಿ ಹೊರಳಿಕೊಂಡಿತು.

ಅದನ್ನು ನೋಡಿ ನಗುವ ಯೋಗ್ಯತೆ ನಮಗಿಲ್ಲ. ರೈಲು ತಿರುವಿನಲ್ಲಿ ಸಾಗುವಾಗ ಹೊರಗಿನ ಮನೆ, ಮರಗಳೆಲ್ಲ ವಾಲಿದಂತೆ ಕಾಣುವುದನ್ನು ಭೌತವಿಜ್ಞಾನಿ ಅರ್ನ್ಸ್ಟ್ ಮಾಖ್ ಗಮನಿಸಿದ್ದ. ಭೂಮಿಯ ಸೆಳೆತ ಯಾವುದು, ತಿರುವಿನ ಸೆಳೆತ ಯಾವುದು ಎಂದು ಕಿವಿಯ ಹರಳಿಗೆ ತಿಳಿಯುವುದಿಲ್ಲ.

ಆಗ ಕಣ್ಣಿನ ಸಾಕ್ಷಿ ಕೇಳೋಣವೆಂದರೆ ಅದು ಇನ್ನೂ ಸುಲಭವಾಗಿ ಮೋಸಹೋಗುತ್ತದೆ. 1948ರಲ್ಲಿ ಪ್ರಕಟವಾದ, ಮನೋವಿಜ್ಞಾನಿಗಳಾದ ವಿಟ್ಕಿನ್ ಮತ್ತು ಆಶ್ ಅವರ ಪ್ರಯೋಗದಲ್ಲಿ, ಕತ್ತಲಲ್ಲಿ ಹೊಳೆಯುವ ಓರೆ ಚೌಕಟ್ಟಿನೊಳಗಿನ ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಲು ಹೇಳಿದರೆ, ಅನೇಕರು ಅದನ್ನು ಚೌಕಟ್ಟು ಓರೆಯಾದತ್ತಲೇ ವಾಲಿಸಿದರು. ಕೆಲವರು ಮಾತ್ರ ಅಷ್ಟಾಗಿ ಮರುಳಾಗಲಿಲ್ಲ. ನಮ್ಮ ಪಟದ ಜಗಳದ ಮೂಲವೂ ಇಲ್ಲೇ ಇರಬೇಕೆಂಬುದು ನನ್ನ ಗುಮಾನಿ: ಕೆಳಗಿನವರಿಗೆ ಬಾಗಿಲು, ಸೂರು, ಕಪಾಟು ಎಲ್ಲವೂ ಕಾಣುತ್ತವೆ, ಮೇಲಿನವರ ಮೂಗಿನ ಮುಂದೆ ಪಟವೊಂದೇ.

ಕಣ್ಣಿಗೆ ಆಧಾರವೇ ಇಲ್ಲದಾಗ ಏನಾಗುತ್ತದೆಂದು ನೋಡಲು ಪ್ರಯೋಗಾಲಯ ಬೇಕಿಲ್ಲ. ರಾತ್ರಿ ದೀಪವಾರಿಸಿ ಮಗ್ಗುಲಾಗಿ ಮಲಗಿದ್ದಾಗ, ಅರೆತೆರೆದ ಬಾಗಿಲ ಸಂದಿಯಿಂದ ಬೆಳಕಿನ ಗೆರೆಯೊಂದು ಕಂಡಿತು. ಬಾಗಿಲು ನೆಟ್ಟಗಿದೆಯೆಂದು ನನಗೆ ಚೆನ್ನಾಗಿ ಗೊತ್ತು. ಆದರೂ ಆ ಗೆರೆ, ನನ್ನ ತಲೆ ವಾಲಿದ್ದ ದಿಕ್ಕಿಗೆ ವಿರುದ್ಧವಾಗಿ, ನಿಧಾನಕ್ಕೆ ಓರೆಯಾಯಿತು. ಶರೀರವಿಜ್ಞಾನಿ ಹರ್ಮನ್ ಆಬರ್ಟ್ 1861ರಲ್ಲಿ ವರ್ಣಿಸಿದ್ದೂ ಕತ್ತಲ ಕೋಣೆಯ ಇಂಥದೇ ಒಂದು ಬೆಳಕಿನ ಗೆರೆಯನ್ನು. ದೀಪ ಹಾಕಿದೆ. ಗೋಡೆ, ಕಪಾಟುಗಳೊಂದಿಗೆ ಬಾಗಿಲೂ ತಟ್ಟನೆ ನೆಟ್ಟಗಾಯಿತು. ಆರಿಸಿದೆ, ಸ್ವಲ್ಪ ಹೊತ್ತಿಗೆ ಮತ್ತೆ ವಾಲಿತು.