‘ಒಂದು ಹಾಡು ಹೇಳು ಪುಟ್ಟೀ’

ನಿನ್ನೆ ಕುವೆಂಪುನಗರದಲ್ಲಿ ಒಂದು ನಾಮಕರಣ. ಊಟಕ್ಕೆ ಇನ್ನೂ ಎಲೆ ಹಾಕಿರಲಿಲ್ಲ. ಹಸಿದು ಕೂತ ಜನಕ್ಕೆ ಏನಾದರೂ ಬೇಕಲ್ಲ, ನಮ್ಮ ದೊಡ್ಡಮ್ಮ ಒಬ್ಬರು ಮೈಕ್ ಹಿಡಿದು ಸೀದಾ ನನ್ನ ಮಗಳ ಹತ್ತಿರ ಬಂದರು. ‘ಒಂದು ಹಾಡು ಹೇಳು ಪುಟ್ಟೀ.’ ಅವಳು ನನ್ನ ಸೆರಗಿನ ಹಿಂದೆ ಸರಿದಳು. ‘ಅಯ್ಯೋ, ಬಾಯಲ್ಲಿ ಕಡುಬು ಇಟ್ಕೊಂಡಿದೀಯೇನೇ ಗುಮ್ಮನಗುಸ್ಕಿ?’ ಮೈಕ್ ಆನ್ ಇತ್ತು. ಇಡೀ ಛತ್ರ ನಕ್ಕಿತು. 7 ವರ್ಷದ ಕೂಸಿನ ಕಿವಿ ಕೆಂಪಾಗಿದ್ದು ನನಗೊಬ್ಬಳಿಗೇ ಕಂಡಿದ್ದು.

ರಾತ್ರಿಯಿಂದ ಕುದೀತಿದೀನಿ, ಇಲ್ಲಿ ಕಾರಿಕೊಳ್ತೀನಿ. ಸಹಿಸಿಕೊಳ್ಳಿ.

ನಾನು ಎಂಥ ಬಾಯಿಬಡುಕಿ ಅಂತ ನಿಮಗೆಲ್ಲ ಗೊತ್ತು. ಸಿಟಿ ಬಸ್ಸಲ್ಲಿ ಪಕ್ಕ ಕೂತವರ ಮಗಳ ಮದುವೆ ಮಾತಾಡಿ ಮುಗಿಸಿ ಇಳಿಯೋಳು. ಇಂಥವಳ ಹೊಟ್ಟೇಲಿ ಇಂಥ ಮಗುವಾ ಅಂತ ಎಲ್ಲರಿಗೂ ಸೋಜಿಗ. ಹುಟ್ಟಿದ್ದೇ ಹಾಗೆ, ಸ್ವಾಮಿ! ಹಾರ್ವರ್ಡ್‌ನಲ್ಲಿದ್ದ ಮನಶ್ಶಾಸ್ತ್ರಜ್ಞ ಜೆರೋಮ್ ಕೇಗನ್ 4 ತಿಂಗಳ ಕೂಸುಗಳ ಮುಂದೆ ಹೊಸ ಆಟಿಕೆ ಆಡಿಸಿ, ಹೊಸ ದನಿ ಕೇಳಿಸಿ ನೋಡಿದ್ದರು. ನೂರಕ್ಕೆ ಸುಮಾರು 20 ಕೂಸುಗಳು ಕೈಕಾಲು ಬಡಿದು ಅತ್ತವು. ಬೆಳೆದ ಮೇಲೆ ಹೊಸಬರ ಮುಂದೆ ಹಿಂಜರಿದವರಲ್ಲಿ ಆ ಗುಂಪಿನ ಮಕ್ಕಳೇ ಹೆಚ್ಚು. 4 ತಿಂಗಳಿಗೆ ಅಮ್ಮ ಏನು ಕಲಿಸಿ ಕೆಡಿಸಿರ್ತಾಳೆ ಹೇಳಿ?

‘ನಮ್ಮನ್ನೆಲ್ಲ ಬಾವಿಗೆ ತಳ್ಳಿಯೇ ಈಜು ಕಲಿಸಿದ್ದು’ ಅಂತ ನಮ್ಮ ಮಾವನವರ ಡೈಲಾಗು. ನಿಜ ಮಾವ. ಆದರೆ ತಳ್ಳೋಕೆ ಮುಂಚೆ ಬೆನ್ನಿಗೆ ಸೋರೆಬುರುಡೆ ಕಟ್ಟಿದ್ದರಲ್ಲ, ಅದನ್ಯಾಕೆ ನುಂಗಿಬಿಡ್ತೀರಿ? ದೊಡ್ಡಮ್ಮ ಕಟ್ಟಿದ್ದು ಗುಂಡುಕಲ್ಲು.

ಇಷ್ಟೆಲ್ಲ ಹಾರಾಡೋ ನಾನೇನು ಕಡಿಮೆಯಲ್ಲ. ಯಾರಾದರೂ ‘ಹೆಸರೇನಮ್ಮ’ ಅಂದರೆ ಅವಳು ಬಾಯಿ ತೆರೆಯೋ ಮೊದಲೇ ನಾನು ಹೇಳಿಬಿಡ್ತಿದ್ದೆ. ‘ಇವಳಿಗೆ ವಿಪರೀತ ನಾಚಿಕೆ’ ಅನ್ನೋ ಬಾಲ ಬೇರೆ. ಒಂದ್ಸಲ ಆಟೋದಲ್ಲಿ ‘ಮಾನ ಕಳೀತೀಯಲ್ಲೇ’ ಅಂದಿದ್ದೆ. ಮನೆ ಬರೋತನಕ ಹೊರಗೇ ನೋಡ್ತಾ ಕೂತಿದ್ದಳು. ದೊಡ್ಡಮ್ಮನ ಮೇಲಿನ ಸಿಟ್ಟಲ್ಲಿ ಅರ್ಧ ಅವತ್ತಿನದೇ ಇರಬೇಕು.

ಬೇಸಿಗೆ ರಜೆಯಲ್ಲಿ ನಮ್ಮತ್ತೆ ಸುಮ್ಮನೆ ಒಂದು ಕೆಲಸ ಮಾಡಿದರು. ಜಗಲಿ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಗೀಚಿ, ಪಕ್ಕದ ಮನೆ ಹುಡುಗೀನ ಕರೆದರು. ಒಬ್ಬಳನ್ನೇ, ದಂಡನ್ನಲ್ಲ. ಈ ಆಟದಲ್ಲಿ ಯಾರೂ ಯಾರ ಮುಖ ನೋಡಬೇಕಿಲ್ಲ. ಕಣ್ಣೆಲ್ಲ ಆ 25 ಮನೆ ಮೇಲೆ, ಕೈಯಲ್ಲಿ 4 ಕವಡೆ. ಮಾತು ಬಂದರೆ ಬಂತು, ಬರದಿದ್ದರೂ ಆಟ ನಿಲ್ಲಲ್ಲ. ಮೂರು ದಿನ ಬರೀ ಕವಡೆ ಸದ್ದು. ನಾಲ್ಕನೇ ದಿನ ನಾಲ್ಕೂ ಕವಡೆ ಮಕಾಡೆ ಬಿದ್ದವು ನೋಡಿ, ಅಡುಗೆಮನೆಗೆ ಕೇಳೋ ಹಾಗೆ ಕಿರುಚಿದಳು, ‘ಬಾರ!’ ನಾನು ಓಡಿ ಬಂದೆ, ಸಾರು ಉಕ್ಕಿ ಒಲೆ ಆರಿತು.

ಹಾಡು ಹೇಳು ಅಂತ ಯಾರೂ ಅಂದಿರಲಿಲ್ಲ ಅಲ್ಲಿ.

ಶಾಲೆಯಲ್ಲಿ ಅವಳ ಮಿಸ್ಸಿಗೂ ಕೇಳಿಕೊಂಡೆ, ಎದ್ದು ನಿಲ್ಲಿಸಿ ಪದ್ಯ ಹೇಳಿಸಬೇಡಿ, ಹಾಜರಿ ಪುಸ್ತಕ ಕೊಟ್ಟು ಇನ್ನೊಂದು ಮಗು ಜೊತೆ ಆಫೀಸಿಗೆ ಕಳಿಸಿ ಅಂತ. ಪುಣ್ಯಾತ್ಗಿತ್ತಿ ಕಳಿಸ್ತಿದಾರೆ. ಸಮಾರಂಭಕ್ಕೂ ಈಗ ಜನ ಸೇರೋ ಮುಂಚೆ ಹೋಗ್ತೀವಿ. ತುಂಬಿದ ಛತ್ರಕ್ಕೆ ನುಗ್ಗೋ ಬದಲು ಅವಳು ಮೊದಲೇ ಕೂತಿರ್ತಾಳೆ, ಜನ ಒಬ್ಬೊಬ್ಬರೇ ಬರ್ತಾರೆ. ನಿನ್ನೆ ಮಾತ್ರ ನಮ್ಮೆಜಮಾನರ ಶರ್ಟ್ ಇಸ್ತ್ರಿಯಿಂದ ತಡವಾಯ್ತು. (ಅದಕ್ಕೆ ಬೇರೆ ಪೋಸ್ಟ್ ಇದೆ.) ಮನೆಯಲ್ಲಿ ಚಟಪಟ ಅನ್ನೋ ಮಗು ಶಾಲೆಯಲ್ಲಿ ತಿಂಗಳುಗಟ್ಟಲೆ ಒಂದಕ್ಷರ ಆಡದಿದ್ದರೆ ಅದು ಬೇರೆ ವಿಷಯ, ಮಕ್ಕಳ ಡಾಕ್ಟರಿಗೇ ತೋರಿಸಬೇಕು. ದೊಡ್ಡಮ್ಮಂದಿರಿಗಲ್ಲ.

ಇದನ್ನ ಬರೀತಿರೋವಾಗ ಜಗಲಿ ಮೇಲೆ ಜಗಳ ಶುರುವಾಗಿದೆ. ‘ನೀನು ಮೋಸ, ನನ್ನ ಕಾಯಿ ಯಾಕೆ ಎತ್ತಿದೆ’ ಅಂತ ಒಂದು ದನಿ, ನಮ್ಮವಳದೇ. ಹೋಗಿ ಪಂಚಾಯ್ತಿ ಮಾಡೋಣ ಅಂತ ಕಾಲು ತುರಿಸ್ತಿದೆ. ಕುರ್ಚಿ ಗಟ್ಟಿಯಾಗಿ ಹಿಡ್ಕೊಂಡು ಕೂತಿದೀನಿ.