ಅತ್ತೆಗೊಂದು ಮೈಕು

ಎರಡು ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುವ ಕಂಡೆನ್ಸರ್ ಮೈಕಿನ ಕಿಟ್ಟಿನ ಫೋಟೊ ನೋಡಿದರೆ ನನಗೆ ವರಪೂಜೆಯ ದಿನ ಜೋಡಿಸಿಟ್ಟ ತಟ್ಟೆಗಳು ನೆನಪಾಗುತ್ತವೆ. ನಟ್ಟನಡುವೆ ಮೈಕು. ಅದನ್ನು ರಬ್ಬರ್ ದಾರಗಳಲ್ಲಿ ತೂಗುಹಾಕುವ ಶಾಕ್ ಮೌಂಟ್ ಒಂದು ಕಡೆ, ಮೇಜಿನ ಅಂಚು ಕಚ್ಚಿಕೊಂಡು ನಿಲ್ಲುವ ಕಬ್ಬಿಣದ ತೋಳು ಇನ್ನೊಂದು ಕಡೆ, ಆಮೇಲೆ ದುಂಡನೆಯ ಪಾಪ್ ಫಿಲ್ಟರ್, ಸ್ಪಂಜಿನ ಟೋಪಿ, ಒಂದೆರಡು ಕೇಬಲ್ಲು. ಮೈಕೊಂದನ್ನೇ ಇಟ್ಟರೆ ಯಾರೂ ತಿರುಗಿ ನೋಡುವುದಿಲ್ಲವೇನೋ. ಪರಿವಾರ ಇರಬೇಕು.

ಮೈಸೂರಿನಲ್ಲಿರುವ ನನ್ನ ಸೋದರತ್ತೆಗೆ ತಾನು ಹಾಡುವ ದೇವರನಾಮ, ಹಸೆ ಹಾಡುಗಳನ್ನೆಲ್ಲ ರೆಕಾರ್ಡು ಮಾಡಿ ಹೊರದೇಶದ ಮೊಮ್ಮಕ್ಕಳಿಗೆ ಕಳಿಸುವ ಆಸೆ. ಫೋನಿನಲ್ಲಿ ಮಾಡಿದ್ದು ಒಪ್ಪಿಗೆಯಾಗಲಿಲ್ಲ. "ಅದ್ಯಾಕೋ ಅದು ನನ್ನ ದನಿ ಅಂತಲೇ ಅನ್ನಿಸೊಲ್ಲ ಕಣೋ. ಒಳ್ಳೇದೊಂದು ಮೈಕು ನೋಡು" ಎಂದರು. ಮೈಸೂರಿನವರಿಗೆ ಇದು ಅತಿಯಾಸೆಯೇನಲ್ಲ. 1935ರಲ್ಲಿ ಅಲ್ಲಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ತಮ್ಮ ವಾಸದ ಮನೆಯಲ್ಲೇ ಬಾನುಲಿ ಕೇಂದ್ರ ನಡೆಸಿದವರು. ಅತ್ತೆಗೆ ಬೇಕಾಗಿರುವುದು ಅದರಲ್ಲಿ ಅರ್ಧಪಾಲೂ ಅಲ್ಲ.

1902ರಲ್ಲಿ ಕಲ್ಕತ್ತದಲ್ಲಿ ಗಾಯಕಿ ಗೌಹರ್ ಜಾನ್ ಗ್ರಾಮಫೋನ್ ತಟ್ಟೆಗೆಂದು ಹಾಡಿದ್ದು ಒಂದು ಕೊಂಬಿನ ಬಾಯಿಗೆ. ಮೈಕು ಎಂಬುದೇ ಅಲ್ಲಿರಲಿಲ್ಲ. ಕಂಠ ಬಿಚ್ಚಿ ಹಾಡಿದ್ದಷ್ಟೇ ಮೇಣದಲ್ಲಿ ಕೊರೆದು ಉಳಿಯುತ್ತಿತ್ತು, ಕೋಣೆಯ ಗುಸುಗುಸು ಅಲ್ಲೇ ಸಾಯುತ್ತಿತ್ತು. 1916ರಲ್ಲಿ ಅಮೆರಿಕದಲ್ಲಿ ಇ. ಸಿ. ವೆಂಟೆ ಕಂಡೆನ್ಸರ್ ಮೈಕು ಮಾಡಿದ ಮೇಲೆ ಆ ಸುಖ ಹೋಯಿತು. ಇದರೊಳಗೆ ಇರುವುದು ಕೆಲವೇ ಮೈಕ್ರಾನ್ ದಪ್ಪದ ಒಂದು ಪೊರೆ, ಅದಕ್ಕೆ ತಾಗಿಯೂ ತಾಗದ ಹಾಗೆ ಹಿಂದೊಂದು ಲೋಹದ ಬಿಲ್ಲೆ. ದನಿ ಬಡಿದು ಪೊರೆ ನಡುಗಿದರೆ ನಡುವಿನ ಸಂದು ಹೆಚ್ಚುಕಡಿಮೆಯಾಗುತ್ತದೆ, ಅದೇ ವಿದ್ಯುತ್ತಾಗಿ ಹೊರಬರುತ್ತದೆ. ಆರ್ಕೆಸ್ಟ್ರಾದವರು ಕೈಯಲ್ಲಿ ಹಿಡಿಯುವ ಗುಂಡುತಲೆಯ ಡೈನಮಿಕ್ ಮೈಕಿನ ಪೊರೆಗೆ ತಂತಿಯ ಸುರುಳಿಯನ್ನೂ ಹೊತ್ತು ಅಲುಗುವ ಕಷ್ಟ. ಹಾಗಾಗಿ ಅದು ಸಣ್ಣಪುಟ್ಟದ್ದಕ್ಕೆಲ್ಲ ಮೈ ಕದಲಿಸುವುದಿಲ್ಲ.

ಕಂಡೆನ್ಸರ್ ಮೈಕು ಬೀದಿಯ ಸದ್ದನ್ನೆಲ್ಲ ಎಳೆದು ತರುತ್ತದೆ ಎಂದು ದೂರುವವರಿದ್ದಾರೆ. ಪೂರ್ತಿ ತಪ್ಪು ಅದರದ್ದಲ್ಲ. ಡೈನಮಿಕ್ ಮೈಕನ್ನು ತುಟಿಗೆ ಒತ್ತಿಕೊಂಡು ಹಾಡುತ್ತೇವೆ, ಕಂಡೆನ್ಸರ್ ಎದುರು ಒಂದು ಗೇಣು ದೂರ ಮರ್ಯಾದೆಯಿಂದ ಕೂರುತ್ತೇವೆ. ಆ ಗೇಣಿನೊಳಗೆ ಮನೆಯೆಲ್ಲ ನುಗ್ಗುತ್ತದೆ. ಫ್ಯಾನು, ಫ್ರಿಜ್ಜು, ಕುಕ್ಕರು, ಧ್ವನಿವರ್ಧಕ ಕಟ್ಟಿಕೊಂಡ ತರಕಾರಿ ಗಾಡಿ. ಟೈಲ್ಸ್ ನೆಲ, ಬರಿಗೋಡೆ ಇದ್ದರಂತೂ ಹಾಡಿದ್ದೆಲ್ಲ ಕಲ್ಯಾಣಿಯ ಮೆಟ್ಟಿಲ ಮೇಲೆ ನಿಂತು ಹಾಡಿದ್ದೇ.

ಮೈಕು ಕಂಡೊಡನೆ ಬೆರಳಲ್ಲಿ ಎರಡು ತಟ್ಟಿ, ಉಫ್ ಎಂದು ಊದಿ, "ಹಲೋ ಹಲೋ" ಅನ್ನುವುದು ನಮ್ಮಲ್ಲಿ ಹುಟ್ಟಿನಿಂದಲೇ ಬರುವ ವಿದ್ಯೆ. ಕಂಡೆನ್ಸರಿಗೆ ಅದು ಆಗದು. ಆ ಪೊರೆಗೆ ಉಸಿರಿನ ಪಸೆಯೂ ಬೇಡ, ಪೆಟ್ಟೂ ಬೇಡ. ಇನ್ನೊಂದು ವಿಷಯ, ಇಂಥ ಮೈಕುಗಳಲ್ಲಿ ಬಹಳಷ್ಟಕ್ಕೆ ಕಿವಿ ಇರುವುದು ಪಕ್ಕದಲ್ಲಿ, ನೆತ್ತಿಯಲ್ಲಲ್ಲ. ಕಂಪೆನಿಯ ಹೆಸರು ಬರೆದಿರುವ ಕಡೆ ನಮ್ಮ ಮುಖಕ್ಕಿರಬೇಕು. ಅತ್ತೆ ಹಾಡುವ "ಪ", "ಭ"ಗಳ ಗಾಳಿ ನೇರವಾಗಿ ಬಡಿದರೆ ಗುಬ್ ಎಂದು ಕೇಳುತ್ತದೆ, ಅದನ್ನು ತಡೆಯಲು ಪಾಪ್ ಫಿಲ್ಟರ್ ಇದೆ. ಸ್ಪಂಜಿನ ಟೋಪಿ ಮಾಡುವುದೂ ಅದೇ ಕೆಲಸ. ಎರಡನ್ನೂ ಒಟ್ಟಿಗೆ ಹಾಕಿದರೆ ಪೆಟ್ಟಿಗೆಯಲ್ಲಿ ಬಂದದ್ದೆಲ್ಲ ಬಳಸಿದೆವೆಂಬ ಸಮಾಧಾನ.

ಈ ಮೈಕಿಗೆ ಕರೆಂಟೂ ಬೇಕು. ರೂಢಿಯ ಪ್ರಕಾರ 48 ವೋಲ್ಟ್. ಆ ಅಂಕಿ ಬಂದ ಕತೆ ನನಗೆ ಇಷ್ಟ. 1966ರಲ್ಲಿ ಜರ್ಮನಿಯ ನಾಯ್ಮನ್ ಕಂಪೆನಿ ನಾರ್ವೆಯ ಬಾನುಲಿಯವರಿಗೆ ಮೈಕು ಮಾಡಿಕೊಡುವಾಗ, ಅಲ್ಲಿನ ಸ್ಟುಡಿಯೋಗಳಲ್ಲಿ ತುರ್ತು ದೀಪಗಳಿಗೆಂದು 48 ವೋಲ್ಟ್ ಮೊದಲೇ ಇತ್ತು, ಅದನ್ನೇ ಮೈಕಿಗೂ ಕೊಟ್ಟರು. ಎಲ್ಲೋ ನಾರ್ವೆಯ ದೀಪದ ಲೆಕ್ಕ ಈಗ ಮೈಸೂರಿನ ಹಸೆ ಹಾಡಿಗೂ ಅನ್ವಯ. ಅಗ್ಗದ ಕಿಟ್ಟುಗಳಲ್ಲಿ ಎಷ್ಟೋ ಸಲ ಈ 48 ವೋಲ್ಟಿನ ಡಬ್ಬಿಯೇ ಇರುವುದಿಲ್ಲ, ಬೇರೆ ಕೊಳ್ಳಬೇಕು. ಒಳಗಿರುವುದು ವಿದ್ಯುತ್ತಿನ ಆವೇಶವನ್ನು ತನ್ನಲ್ಲೇ ಕಾಯಮ್ಮಾಗಿ ಉಳಿಸಿಕೊಂಡ ಎಲೆಕ್ಟ್ರೆಟ್ ಬಿಲ್ಲೆಯಾದರೆ ಕಂಪ್ಯೂಟರಿನ ಅಲ್ಪಸ್ವಲ್ಪ ವೋಲ್ಟಿಗೂ ಅದು ಉಸಿರಾಡುತ್ತದೆ, ಜೊತೆಗೆ ಸ್‌ಸ್ ಎಂಬ ಸದ್ದನ್ನೂ ಸೇರಿಸಿ ಕೊಡುತ್ತದೆ.

ಪೆಟ್ಟಿಗೆಯ ಮೇಲಿನ ಅಂಕಿಗಳಲ್ಲಿ ನನಗೆ ನಂಬಿಕೆ ಕಡಿಮೆ. 192 ಕಿಲೋಹರ್ಟ್ಜ್ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ, ದನಿಯನ್ನು ಸೆಕೆಂಡಿಗೆ ಎಷ್ಟು ಸಾವಿರ ಸಲ ಅಳೆಯುತ್ತದೆಂಬ ಲೆಕ್ಕ ಅದು. ನಮ್ಮ ಕಿವಿ ಎಳೆವಯಸ್ಸಿನಲ್ಲೂ 20 ಕಿಲೋಹರ್ಟ್ಜ್ ಮೇಲೆ ಕೇಳುವುದಿಲ್ಲ, ಅದರ ಎರಡರಷ್ಟಕ್ಕಿಂತ ತುಸು ಹೆಚ್ಚು ಸಲ ಅಳೆದರೆ ಆಯಿತು, ಹಾಗಾಗಿ ಸಿ.ಡಿ.ಯ 44.1 ಧಾರಾಳ ಸಾಕಾಯಿತು. ನೋಡಬೇಕಾದ್ದು ಮೈಕು ತಾನೇ ಮಾಡುವ ಸದ್ದಿನ ಲೆಕ್ಕ. ಹೊಸಬರಿಗೆಲ್ಲ ಶಿಫಾರಸಾಗುವ ಆಡಿಯೊ-ಟೆಕ್ನಿಕಾದ ಎಟಿ2020ರಲ್ಲಿ ಅದು 20 ಡೆಸಿಬೆಲ್, ಅದಕ್ಕಿಂತ ದುಬಾರಿಯಾದ ರೋಡ್ ಎನ್‌ಟಿ1ರಲ್ಲಿ ಸುಮಾರು 4. ದೊಡ್ಡ ವ್ಯತ್ಯಾಸವೇ. ಆದರೆ ರಾತ್ರಿ ಹೊತ್ತು ಎಲ್ಲ ಆರಿಸಿ ಮಲಗಿದ ಕೋಣೆಯಲ್ಲೇ 30ರಷ್ಟು ಸದ್ದಿರುತ್ತದೆ. ಆ 4ನ್ನು ಕೊಂಡು ತಂದು ಎಲ್ಲಿಡುವುದು?

ಇಷ್ಟನ್ನೆಲ್ಲ ಫೋನಿನಲ್ಲಿ ವಿವರಿಸಿದೆ. ವೀಣೆಯನ್ನೂ ಹಾಡನ್ನೂ ಬೇರೆಬೇರೆ ಹಿಡಿಯಬೇಕಾದರೆ ಎರಡು ಮೈಕು ಸೇರಿಸುವ ಆಡಿಯೊ ಇಂಟರ್‌ಫೇಸ್ ಬೇಕು, ಖರ್ಚು ಏರುತ್ತದೆ, ಒಬ್ಬರ ದನಿಗಾದರೆ ಲ್ಯಾಪ್‌ಟಾಪಿಗೆ ನೇರ ಚುಚ್ಚುವ ಯುಎಸ್‌ಬಿ ಮೈಕು ಸಾಕು ಎಂದೆ. ಆ ಕಬ್ಬಿಣದ ತೋಳು ಬೇಡವೇ ಬೇಡ, ಅಗ್ಗದ್ದರ ಸ್ಪ್ರಿಂಗು ಹಾಡಿನ ನಡುವೆಯೇ ನಿಧಾನಕ್ಕೆ ತಲೆ ತಗ್ಗಿಸುತ್ತದೆ. ಮೇಜಿನ ಮೇಲೆ ಕೂರುವ ಮೂರು ಕಾಲಿನ ಪುಟ್ಟ ಸ್ಟ್ಯಾಂಡು, ಕೆಳಗೊಂದು ಮಡಿಸಿದ ಟವೆಲು. ಜಾಗ ನಡುಮನೆಯಲ್ಲ, ಬಟ್ಟೆಯ ಬೀರು, ಹಾಸಿಗೆ ಇರುವ ಚಿಕ್ಕ ಕೋಣೆ. ಬೀರುವಿನ ಬಾಗಿಲು ತೆರೆದು ಸೀರೆಗಳನ್ನು ಬೆನ್ನಿಗೆ ಇಟ್ಟುಕೊಂಡು ಕೂತರೆ ಮಾರ್ದನಿ ಅರ್ಧ ಅಲ್ಲೇ ಇಂಗುತ್ತದೆ.

"ಇದಕ್ಕಾದರೂ ಬಂತಲ್ಲ ಆ ಸೀರೆಗಳು" ಎಂದು ಹಿಂದಿನಿಂದ ಮಾವ ಹೇಳಿದ್ದು ನನಗೂ ಕೇಳಿಸಿತು.

ಅತ್ತೆ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. "ಬೆಳಗಿನ ಜಾವ ಹಾಡ್ತೀನಿ. ಫ್ಯಾನ್ ಆರಿಸ್ತೀನಿ, ಫ್ರಿಜ್ಜೂ ಆರಿಸ್ತೀನಿ. ನಿಮ್ಮ ಮಾವನ್ನ ವಾಕಿಂಗ್ ಕಳಿಸ್ತೀನಿ" ಎಂದು ಒಂದೊಂದೇ ಬಗೆಹರಿಸಿಕೊಂಡು ಬಂದರು. ಆಮೇಲೆ ಸ್ವಲ್ಪ ತಡೆದು, "ಎದುರುಮನೆ ನಾಯಿಗೇನಾದ್ರೂ ಆ ಕಿಟ್ಟಲ್ಲಿ ಕೊಡ್ತಾರೇನೋ?" ಎಂದರು.