ಇವತ್ತು ನನಗೆ ವಾರ

ನಮ್ಮನೆಯಲ್ಲಿ ಊಟಕ್ಕೆ ತಕರಾರು ಮಾಡುವವಳು ಒಬ್ಬಳೇ, ನನ್ನ ಐದು ವರ್ಷದ ಮಗಳು. ಇದು ಮನೆಯವರೆಲ್ಲ ಸೇರಿ ಕೊಟ್ಟಿರುವ ತೀರ್ಪು. ತೀರ್ಪು ಕೊಟ್ಟವರು ಎಂಥವರು ಗೊತ್ತಾ? ನಮ್ಮಪ್ಪ ಬದನೆಕಾಯಿ ಮುಟ್ಟುವುದಿಲ್ಲ, ನಂಜು. ಅಮ್ಮನಿಗೆ ಮೀನಿನ ವಾಸನೆ ಆಗಲ್ಲ. ಮಟನ್ ಸಾರಾದರೆ ಆಗುತ್ತದೆ, ಅದೂ ಸೋಮವಾರ, ಶನಿವಾರ ಮತ್ತು ಇಡೀ ಶ್ರಾವಣ ಬಿಟ್ಟು. ಆ ದಿನಗಳಲ್ಲಿ ಅವರಿಗೆ 'ವಾರ', ಅಂದರೆ ದೇವರ ದಿನ, ಬಾಡು ಮುಟ್ಟುವಂತಿಲ್ಲ. ನನ್ನ ಹೆಂಡತಿ ಹಾಲಿನ ಮೇಲೆ ಕೆನೆ ಕಂಡರೆ ಲೋಟವನ್ನೇ ಸಿಂಕಿಗೆ ಬಗ್ಗಿಸುತ್ತಾಳೆ. ಉಪ್ಪಿಟ್ಟು ಮಾಡಿದ ದಿನ ನನಗೆ ಆಫೀಸಿಗೆ ಲೇಟಾಗಿರುತ್ತದೆ. ಇಷ್ಟಾದರೂ ನಾವ್ಯಾರೂ ಹಠ ಮಾಡುವವರಲ್ಲ. ನಮಗೆಲ್ಲ ಕಾರಣ ಇದೆ. ಅವಳಿಗೆ ಮಾತ್ರ ಹಠ.

ಅವಳ ಹೊಟ್ಟೆಗೆ ತರಕಾರಿ ಸೇರಿಸಲು ಅಡುಗೆಮನೆಯಲ್ಲಿ ನಡೆದಿರುವ ಕಳ್ಳಸಾಗಣೆ ಒಂದೆರಡಲ್ಲ. ಒಮ್ಮೆ ಇಡ್ಲಿ ಹಿಟ್ಟಿಗೆ ಕ್ಯಾರೆಟ್ ತುರಿದು ಹಾಕಿದ್ದೆವು. ಅವಳು ಮೊದಲು ಇಡ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಆಮೇಲೆ ಎರಡು ಉಗುರಿನ ಮಧ್ಯೆ ಒಂದೊಂದೇ ಕೆಂಪು ಎಳೆ ಕಿತ್ತು ತಟ್ಟೆಯ ಅಂಚಿಗೆ ಸಾಲಾಗಿ ಮಲಗಿಸಿದಳು. ಗಿಡ್ಡದ್ದು ಒಂದು ಕಡೆ, ಉದ್ದದ್ದು ಒಂದು ಕಡೆ. ಸ್ಕೂಲ್ ವ್ಯಾನಿನವನು ಕೆಳಗೆ ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದ. ಎಲ್ಲ ಮುಗಿದ ಮೇಲೆ ತಲೆ ಎತ್ತಿ ಹೇಳಿದಳು, 'ಇಡ್ಲಿ ತಣ್ಣಗಾಗಿದೆ, ಬೇಡ.'

ರಾಗಿರೊಟ್ಟಿಗೆ ನುಗ್ಗೆಸೊಪ್ಪು ಹಾಕಿದರೆ 'ಹುಲ್ಲು ಬಿದ್ದಿದೆ' ಅನ್ನುತ್ತಾಳೆ. ಬಸ್ಸಾರಿನ ದಿನ ಮಾತ್ರ ನಾವು ಸೋತೇ ಹೋದೆವು. ಸೊಪ್ಪು, ಕಾಳು ಬೇಯಿಸಿ, ನೀರು ಬಸಿದು ಸಾರು ಮಾಡಿ, ಉಳಿದದ್ದಕ್ಕೆ ಒಗ್ಗರಣೆ ಹಾಕಿ ಪಲ್ಯ ಮಾಡುತ್ತಾರಲ್ಲ, ಅದರಲ್ಲಿ ಅವಳು ಸಾರನ್ನು ಸೊರ್ ಅಂತ ಕುಡಿದಳು. ಪಲ್ಯ ಹಾಗೇ ಬಿಟ್ಟಳು. ಯಾಕೆ ಅಂದರೆ, 'ಸತ್ವ ಎಲ್ಲ ಬಸಿದ ನೀರಲ್ಲೇ ಇದೆ ಅಂತ ನೀನೇ ಹೇಳಿದ್ದಲ್ವಾ ಅಜ್ಜಿ?' ಹೌದು, ಹೇಳಿದ್ದರು. ಅದೂ ಹಿಂದಿನ ದಿನವೇ.

ಮಕ್ಕಳ ಡಾಕ್ಟರಿಗೆ ಇದರಲ್ಲಿ ಆಶ್ಚರ್ಯವೇ ಕಾಣಲಿಲ್ಲ. ಎರಡರಿಂದ ಆರು ವರ್ಷದವರೆಗೆ ಮಕ್ಕಳು ಹೊಸ ಊಟ ಕಂಡರೆ ಹಿಂದೆ ಸರಿಯುವುದು ಮಾಮೂಲು. ನಡೆಯಲು ಕಲಿತ ಮಗು ಸಿಕ್ಕ ಸಿಕ್ಕ ಎಲೆ ಬಾಯಿಗೆ ಹಾಕಿಕೊಳ್ಳದಿರಲಿ ಅಂತ ಪ್ರಕೃತಿಯೇ ಮಾಡಿಟ್ಟ ಕಾವಲು ಇರಬಹುದಂತೆ. ಕಹಿಯಂತೂ ಮಕ್ಕಳ ನಾಲಿಗೆಗೆ ನಮಗಿಂತ ಜಾಸ್ತಿ ತಾಗುತ್ತದೆ. ಬೈಯದೆ, ಬಲವಂತ ಮಾಡದೆ, ಹತ್ತು ಹದಿನೈದು ಸಲ ತಟ್ಟೆಗೆ ಇಡುತ್ತಾ ಇರಿ, ಒಂದಿನ ತಿಂತಾಳೆ ಅಂದರು. ನಾನು ದಾರಿಯಲ್ಲಿ ಲೆಕ್ಕ ಹಾಕಿದೆ. ವಾರಕ್ಕೊಂದು ಸಲ ಇಟ್ಟರೆ ಹೀರೇಕಾಯಿ ಒಂದಕ್ಕೇ ಮೂರು ತಿಂಗಳು. ಆಮೇಲೆ ಸೋರೆಕಾಯಿ, ಪಡವಲಕಾಯಿ, ಬೆಂಡೆಕಾಯಿ, ಬೀಟ್‌ರೂಟ್. ಹಾಗಲಕಾಯಿಯ ಸರದಿ ಬರುವಷ್ಟರಲ್ಲಿ ಎಸೆಸೆಲ್ಸಿ ಮುಗಿದಿರುತ್ತದೆ.

ಮಾಂಸದ್ದು ಇನ್ನೊಂದು ಕಥೆ. ಮಟನ್‌ನಲ್ಲಿರುವ ಕಬ್ಬಿಣಾಂಶ ಮೈಗೆ ಸುಲಭವಾಗಿ ಹತ್ತುತ್ತದೆ, ಸೊಪ್ಪಿನದು ಅಷ್ಟಾಗಿ ಹತ್ತಲ್ಲ, ನಿಂಬೆಹಣ್ಣು ಹಿಂಡಿಕೊಂಡರೆ ವಾಸಿ. ಹಾಗಾಗಿ ಸೊಪ್ಪು ಬಿಡುವ ಮಗು ಬಾಡನ್ನಾದರೂ ತಿನ್ನಲಿ ಅನ್ನೋದು ನಮ್ಮ ಆಸೆ. ಅವಳು ಬೇಡ ಅನ್ನುವುದಿಲ್ಲ. ಪೀಸು ಬಾಯಿಗೆ ಹಾಕಿಕೊಳ್ಳುತ್ತಾಳೆ, ಅಗಿದು ಅಗಿದು ರಸ ಹೀರುತ್ತಾಳೆ, ನಾರನ್ನು ಎಡಗೆನ್ನೆಯಲ್ಲಿ ಇಟ್ಟುಕೊಳ್ಳುತ್ತಾಳೆ. ನುಂಗುವುದೂ ಇಲ್ಲ, ಉಗಿಯುವುದೂ ಇಲ್ಲ. ಬಾಯಿ ತೆರಿ ಅಂದರೆ ಬಲಗಡೆ ತೋರಿಸುತ್ತಾಳೆ. ಭಾನುವಾರ ಮಧ್ಯಾಹ್ನ ಒಳಗೆ ಹೋದ ಪೀಸು ಸಂಜೆ ದಿಂಬಿನ ಪಕ್ಕ ಸಿಕ್ಕಿದ್ದಿದೆ. ಸ್ಕೂಲ್ ಅಡ್ಮಿಷನ್ನಿಗೆ ಫೋಟೋ ತೆಗೆಸಲು ಹೋದಾಗ ಸ್ಟುಡಿಯೋದವನು ಕ್ಯಾಮೆರಾ ಇಳಿಸಿ, 'ಮಗೂಗೆ ಹಲ್ಲುನೋವಾ ಸಾರ್?' ಅಂತ ಕೇಳಿದ. ಊಟ ಮುಗಿಸಿಕೊಂಡು ಹೋಗಿದ್ದೆವು. ಈಗಲೂ ಅವಳ ಐಡಿ ಕಾರ್ಡಿನಲ್ಲಿ ಎಡಗೆನ್ನೆ ಒಂದು ಸುತ್ತು ದಪ್ಪ.

ಇಷ್ಟರ ನಡುವೆ ಅವಳು ಮನೆಯವರನ್ನೆಲ್ಲ ಗಮನಿಸುತ್ತಿದ್ದಳು ಅನ್ನೋದು ನಮಗೆ ಗೊತ್ತಾಗಿದ್ದು ಒಂದು ಮಂಗಳವಾರ. ತಟ್ಟೆಗೆ ಹೀರೇಕಾಯಿ ಪಲ್ಯ ಬಿತ್ತು. ಅವಳು ಕೈ ಅಡ್ಡ ಹಿಡಿದು, ಅಮ್ಮ ಹೇಳುವ ಗತ್ತಿನಲ್ಲೇ ಹೇಳಿದಳು, 'ಇವತ್ತು ನನಗೆ ವಾರ.'

'ಯಾವ ದೇವರದ್ದೇ?' ಅಂದರು ಅಮ್ಮ.

'ಗಣಪತಿದು.'

'ಗಣಪತಿಗೆ ಹೀರೇಕಾಯಿ ಆಗುತ್ತೆ ಕಣೆ.'

'ಯಾವತ್ತಾದ್ರೂ ನೈವೇದ್ಯಕ್ಕೆ ಇಟ್ಟಿದ್ದೀಯಾ?'

ಅಮ್ಮ ಯೋಚಿಸಿದರು. ಇಟ್ಟಿರಲಿಲ್ಲ. ಕಡುಬು, ಚಿಗಳಿ, ತಂಬಿಟ್ಟು ಎಲ್ಲ ಇಟ್ಟಿದ್ದರು. ಹೀರೇಕಾಯಿ ನೆನಪಾಗಲಿಲ್ಲ. 'ದೇವರ ವಿಷಯ, ಮಗೂನ ಬಲವಂತ ಮಾಡಬೇಡ' ಅಂತ ನನ್ನನ್ನೇ ಗದರಿದರು. ನಾನು ಬಾಯಿ ತೆರೆದೇ ಇರಲಿಲ್ಲ. ಅಂದಿನಿಂದ ಮಂಗಳವಾರ ಅವಳದಾಯಿತು.

ಇದರ ಪೂರ್ತಿ ಲಾಭ ಅವಳಿಗೆ ಸಿಕ್ಕಿದ್ದು 2025ರ ವರ್ಷತೊಡಕಿಗೆ. ಆ ವರ್ಷ ಯುಗಾದಿ ಮಾರ್ಚ್ 30, ಭಾನುವಾರ ಬಂತು. ಮಾರನೇ ದಿನ ಬಾಡೂಟ ಮಾಡುವ ತೊಡಕು ಸೋಮವಾರ. ಅದೇ ದಿನ ರಂಜಾನ್ ಹಬ್ಬ ಬೇರೆ. ಮಟನ್ ಅಂಗಡಿಗಳ ಮುಂದೆ ಬೆಳಕು ಹರಿಯುವ ಮುಂಚೆಯೇ ಕ್ಯೂ. ನಮ್ಮ ಚಿಕ್ಕಪ್ಪ ವರ್ಷವಿಡೀ ಚೀಟಿ ಕಟ್ಟಿದ್ದ ಗುಡ್ಡೆ ಬಾಡು (ಗುಡ್ಡೆ ಹಾಕಿ ಪಾಲು ಹಂಚುವ ಮಟನ್), ಅದೂ ಬನ್ನೂರು ಕುರಿಯದ್ದು ಅಂತ ಹೇಳಿಕೊಂಡು, ಸ್ಕೂಟರಿನಲ್ಲಿ ತಂದಿಳಿಸಿದರು.

ಶುರುವಾಯಿತು. ತೊಡಕಿಗೆ ವಾರ ಗೀರ ಇಲ್ಲ ಅಂತ ಚಿಕ್ಕಪ್ಪ. ಈಶ್ವರನ ವಾರಕ್ಕೆ ತೊಡಕು ಗೊತ್ತಿಲ್ಲ ಅಂತ ಅಮ್ಮ. ತೊಡಕಿನ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದೇ ನಡೆಯುತ್ತದೆ ಅನ್ನುವ ನಂಬಿಕೆ ಬೇರೆ ಇದೆಯಲ್ಲ, ಹಾಗಾಗಿ ಇಬ್ಬರೂ ಧ್ವನಿ ಏರಿಸದೆ, ನಗುನಗುತ್ತಲೇ ಜಗಳ ಆಡಿದರು. ಅದು ನೋಡಲು ಇನ್ನೂ ಭಯಂಕರ. ಕೊನೆಗೆ ಅಪ್ಪ ಇಸ್ಪೀಟಿನಿಂದ ತಲೆ ಎತ್ತಿ ರಾಜಿ ಮಾಡಿಸಿದರು: ವಾರ ಇಲ್ಲದವರು ಇವತ್ತು ತಿನ್ನಿ, ಇರುವವರಿಗೆ ನಾಳೆಗೆ ಎತ್ತಿಡಿ.

ಮಗಳು ಸದ್ದಿಲ್ಲದೆ ಅಜ್ಜಿಯ ಪಕ್ಕ ಹೋಗಿ ಕೂತಳು. 'ನಾನೂ ಅಜ್ಜಿ ಜೊತೆ ಸೋಮವಾರ.' ವಾರದವರ ಪಂಕ್ತಿಗೆ ಹಿಂದಿನ ದಿನದ ಒಬ್ಬಟ್ಟು, ಮೇಲೆ ತುಪ್ಪ, ಪಕ್ಕದಲ್ಲಿ ಒಬ್ಬಟ್ಟಿನ ಸಾರು. ಹಿಂದಿನ ದಿನ ಬೇವು-ಬೆಲ್ಲದಲ್ಲಿ ಬೇವು ಆರಿಸಿ ನನ್ನ ಅಂಗೈಗೆ ಹಾಕಿದ್ದ ಮಗು, ಈಗ ಕಣ್ಣು ಮುಚ್ಚಿ ಕೈಮುಗಿದು ಊಟ ಶುರು ಮಾಡಿತು. ಅಮ್ಮನ ಕಣ್ಣಲ್ಲಿ ನೀರು.

ಮಂಗಳವಾರ ಅಮ್ಮ ಸ್ನಾನ ಮಾಡಿ, ಮುದ್ದೆ ಕಟ್ಟಿ, ಬಿಸಿ ಮಾಡಿದ ಸಾರು ಬಡಿಸಿಕೊಂಡರು. ಮಗಳಿಗೂ ಒಂದು ತಟ್ಟೆ ಇಟ್ಟರು. ಅವಳು ತಟ್ಟೆ ನೋಡಿದಳು, ಅಜ್ಜಿಯ ಮುಖ ನೋಡಿದಳು.

'ಇವತ್ತು ಗಣಪತಿ ಅಲ್ವಾ ಅಜ್ಜಿ?'

ಯಾರೂ ಮಾತಾಡಲಿಲ್ಲ. ಚಿಕ್ಕಪ್ಪ ಹೋಗಿ ಉಳಿದಿದ್ದ ಒಬ್ಬಟ್ಟು ತಂದುಕೊಟ್ಟರು.

ಬುಧವಾರ ರಾತ್ರಿ ಪಾತ್ರೆಯ ತಳದಲ್ಲಿ ನಾಲ್ಕೈದು ಕೈಮ ಉಂಡೆ ಉಳಿದಿದ್ದವು. ಕೊಚ್ಚಿದ ಮಟನ್‌ಗೆ ಹುರಿಗಡಲೆ, ಕಾಯಿ ಹಾಕಿ ನುಣ್ಣಗೆ ರುಬ್ಬಿ ಕಟ್ಟಿದ್ದು, ಎರಡು ದಿನ ಸಾರಿನಲ್ಲಿ ನೆಂದು ಉಬ್ಬಿದ್ದವು. ನಾನು ಅಡುಗೆಮನೆ ಕಟ್ಟೆಯ ಹತ್ತಿರ ನಿಂತೇ ತಿನ್ನುತ್ತಿದ್ದೆ. ಅವಳು ಬಂದಳು.

'ಬುಧವಾರ ನಿಂಗೆ ಯಾವ ದೇವರೂ ಇಲ್ವಾ ಅಪ್ಪ?'

'ಇಲ್ಲಮ್ಮ.'

'ನಂಗೂ ಇಲ್ಲ' ಅಂದು ನನ್ನ ತಟ್ಟೆಯಿಂದ ಒಂದು ಉಂಡೆ ಎತ್ತಿಕೊಂಡಳು. ಕೈಮಕ್ಕೆ ನಾರಿಲ್ಲ, ಕೆನ್ನೆಯಲ್ಲಿ ಉಳಿಯಲು ಏನೂ ಇರಲಿಲ್ಲ. ನುಂಗಿಯೇ ಬಿಟ್ಟಳು. ಇನ್ನೊಂದು ಎತ್ತಿದಳು. ಖುಷಿಯಲ್ಲಿ ನಾನು ಸಾರಿನಲ್ಲಿದ್ದ ಆಲೂಗಡ್ಡೆ ಹೋಳು ಮುಂದೆ ಹಿಡಿದೆ. ಚಿಪ್ಸ್ ಆದರೆ ಪ್ಯಾಕೆಟ್ಟುಗಟ್ಟಲೆ ಮುಗಿಸುವವಳು, ಆಲೂಗಡ್ಡೆಗೆ ಏನು ತಕರಾರು ಇರುತ್ತದೆ?

'ಅದಕ್ಕೆ ಮಾತ್ರ ವಾರ' ಅಂದಳು.